ಹಾದಿ ಇಲ್ಲದ ಹೊಲದ ರಾಶಿ

ನಮ್ಮ ಹೊಲಕ್ಕೆ ಹಾದಿ ಇಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ನಾನು ನಕ್ಕಿದ್ದೆ. ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು ನಾನು. ನಮ್ಮಲ್ಲಿ ಗಾಡಿ ಬಳ್ಳಿಯ ಬುಡದವರೆಗೆ ಬರುತ್ತದೆ. ಇಲ್ಲಿ, ರಾಯಬಾಗ ತಾಲೂಕಿನ ಈ ಹಳ್ಳಿಯಲ್ಲಿ, ನಾಲ್ಕು ತಲೆಮಾರಿನಿಂದ ಉಳುತ್ತ ಬಂದ ಹೊಲಕ್ಕೆ ಒಂದು ಬಂಡಿ ಹೋಗುವಷ್ಟು ದಾರಿ ಇಲ್ಲ ಎಂದರೆ ಯಾರಿಗಾದರೂ ನಗು ಬರಬೇಕು.

ಇದಕ್ಕೆ ಕಾರಣ ನನ್ನ ಮಾವನ ಅಪ್ಪ. ನಾನು ಅವರನ್ನು ಕಂಡದ್ದು ಗೋಡೆಯ ಮೇಲಿನ ಫೋಟೋದಲ್ಲಿ ಮಾತ್ರ. ಇಬ್ಬರು ಗಂಡುಮಕ್ಕಳಿಗೆ ಹೊಲ ಹಂಚುವಾಗ ರಸ್ತೆಗೆ ಹತ್ತಿದ ಮೇಲಿನ ತುಂಡನ್ನು ಸಣ್ಣ ಮಗನಿಗೂ, ಹಳ್ಳಕ್ಕೆ ಹತ್ತಿದ ಕೆಳಗಿನ ತುಂಡನ್ನು ದೊಡ್ಡ ಮಗನಾದ ನನ್ನ ಮಾವನಿಗೂ ಕೊಟ್ಟರಂತೆ. ನಡುವೆ ಬಂಡಿಹಾದಿ ಬಿಡಲಿಲ್ಲ. ಹಾದಿಗೆ ಬಿಟ್ಟ ನೆಲದಲ್ಲಿ ಹುಲ್ಲು ಬೆಳೆಯುತ್ತದೆ, ಜಗಳ ಬೆಳೆಯುತ್ತದೆ, ಕಾಳು ಬೆಳೆಯುವುದಿಲ್ಲ ಎಂಬುದು ಅವರ ವಾದ. ಬದಲಿಗೆ ಒಂದು ಕಟ್ಟಳೆ ಮಾಡಿದರು. ಇಬ್ಬರೂ ಒಂದೇ ಬೀಜವನ್ನು ಒಂದೇ ದಿನ ಬಿತ್ತಬೇಕು. ಒಂದೇ ದಿನ ಬಿತ್ತಿದ್ದು ಒಂದೇ ದಿನ ಬಲಿಯುತ್ತದೆ. ಸುಗ್ಗಿಯಲ್ಲಿ ಮೇಲಿನ ಹೊಲವನ್ನು ಮೊದಲು ಕೊಯ್ದು ಬಯಲು ಮಾಡಿದರೆ ಅದೇ ಕೆಳಗಿನ ಹೊಲಕ್ಕೆ ಹಾದಿ. ಜೋಳದ ಕಾಲದಲ್ಲಿ ಬಂಡಿ ಹಾಗೆ ಹೋಯಿತು. ಸೋಯಾಬೀನ್ ಬಂದ ಮೇಲೆ ಟ್ರ್ಯಾಕ್ಟರೂ ಹಾಗೇ ಹೋಯಿತು.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುತ್ತಾರೆ. ನನ್ನ ಮಾವ ಮತ್ತು ಸಣ್ಣಮಾವ ಈ ಗಾದೆಯನ್ನು ಸುಳ್ಳು ಮಾಡಿದವರು. ರಸ್ತೆಯ ಅಂಚಿಗೆ, ಮೇಲಿನ ಹೊಲದ ತಲೆಗೆ, ಎರಡೂ ಮನೆಗಳು ಗೋಡೆಗೆ ಗೋಡೆ ಹಚ್ಚಿಕೊಂಡು ನಿಂತಿವೆ. ಒಂದು ಮನೆಯಲ್ಲಿ ಹುಗ್ಗಿ ಮಾಡಿದರೆ ಇನ್ನೊಂದು ಮನೆಗೆ ಪಾತ್ರೆ ಹೋಗುತ್ತದೆ. ಅಣ್ಣನ ಮಾತಿಗೆ ತಮ್ಮ ಎದುರಾಡಿದ್ದನ್ನು ನಾನು ಕೇಳಿಲ್ಲ, ತಮ್ಮನಿಗೆ ನೋವಾಗುವ ಮಾತನ್ನು ಅಣ್ಣ ಆಡಿದ್ದನ್ನೂ ಕೇಳಿಲ್ಲ. ಈ ವರ್ಷದ ಸುಗ್ಗಿಯಲ್ಲಿ ಮಾತ್ರ ನನಗೆ, ಇವರು ಒಂದಿಷ್ಟು ದಾಯಾದಿಗಳೂ ಆಗಿದ್ದರೆ ಚೆನ್ನಾಗಿತ್ತು ಎನಿಸಿಬಿಟ್ಟಿತು. ಜಗಳಾಡುವವರು ಬಾಯಿಬಿಟ್ಟು ಕೇಳಿಯಾದರೂ ಕೇಳುತ್ತಾರೆ.

ಜೂನಿನ ಮಿರಗದ ಮಳೆ ಚೆನ್ನಾಗಿಯೇ ಆಗಿತ್ತು. ಒಂದೇ ದಿನ ಎರಡೂ ಹೊಲ ಬಿತ್ತಿದೆವು. ಮರುದಿನ ಬಡಿದಂಥ ಮಳೆ, ಅದರ ಬೆನ್ನಿಗೇ ಬಿಸಿಲು. ಕೆಳಗಿನ ನಮ್ಮ ಎರೆಮಣ್ಣು ಬಿರುಕುಬಿಟ್ಟು ಮೊಳಕೆಗೆ ಜಾಗ ಕೊಟ್ಟಿತು. ಸಣ್ಣಮಾವನ ಕೆಂಪು ಮಸಾರಿ ನೆಲ ಹಂಚಿನಂತೆ ಬಿಗಿದುಕೊಂಡಿತು. ಒಳಗಿನ ಮೊಳಕೆಗಳು ತಲೆ ಎತ್ತಲಾಗದೆ ಅಲ್ಲೇ ಸತ್ತವು. ಮತ್ತೆ ಹದ ಸಿಕ್ಕು ಅವರು ಎರಡನೇ ಸಲ ಬಿತ್ತುವಷ್ಟರಲ್ಲಿ ಎರಡು ವಾರ ಹೋದವು. ಹಿರಿಯರ ಕಟ್ಟಳೆಯನ್ನು ಯಾರೂ ಮುರಿಯದೆ ಅದು ತಾನಾಗಿಯೇ ಮುರಿದಿತ್ತು.

"ಎರಡ ವಾರ ಅಲ್ಲೇನು, ಕೊಯ್ದ ಬಣವಿ ಒಟ್ಟಿದ್ರ ಆತು. ಕಾಯತೈತಿ," ಎಂದರು ಮಾವ. ಅದು ನಿಜವೂ ಹೌದು. ಒಣಗಿದ ಬಣವೆ ತಾಡಪತ್ರಿಯ ಕೆಳಗೆ ತಿಂಗಳುಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ.

ಆ ಹೊತ್ತಿಗೇ ಸಣ್ಣಮಾವನ ಮಗಳು ತವರಿಗೆ ಬಂದಳು. ನನ್ನನ್ನು ವೈನಿ ಎಂದು ಕರೆಯುತ್ತ, ನನ್ನ ಮಾತಿಗೆ ಮಾತು ಕೊಡುತ್ತ ಇರುವ ಒಬ್ಬಳೇ ನಾದಿನಿ. ಹೋದ ವರ್ಷ ಅವಳ ಬಸಿರು ಐದನೇ ತಿಂಗಳಲ್ಲಿ ಇಳಿದುಹೋಗಿತ್ತು. ಈ ಸಲ ಮತ್ತೆ ನಿಂತಿದೆ, ಹೆಚ್ಚು ಓಡಾಡಬಾರದು ಎಂದು ಡಾಕ್ಟರು ಹೇಳಿದ್ದಕ್ಕೆ ಗಂಡನ ಮನೆಯವರು ಕುಬಸದ ಸೀಮಂತಕ್ಕೂ ಮೊದಲೇ ಕಳಿಸಿಕೊಟ್ಟಿದ್ದರು. ಎರಡೂ ಮನೆ ಸೇರಿ ಅವಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೆವು. ಅವಳಿಗೆ ಅದೇ ಬೇಸರ.

"ವೈನಿ, ನನ್ನ ಎಬ್ಬಸಾಕ ಒಬ್ರು, ಕೂಡ್ರಸಾಕ ಒಬ್ರು. ಎಮ್ಮಿಗೂ ಇಷ್ಟ ಕಾವಲ ಇಲ್ಲ ನೋಡ್ರಿ," ಎನ್ನುತ್ತಿದ್ದಳು.

ಗಣಪತಿ ಹಬ್ಬ ಕಳೆದು ಉತ್ತರಿ ಮಳೆಯೂ ಮುಗಿಯುತ್ತ ಬಂದಾಗ ನಮ್ಮ ಹೊಲ ಹಳದಿಯಾಗಿ ಎಲೆ ಉದುರಿಸಿತು. ಗಿಡ ಅಲ್ಲಾಡಿಸಿದರೆ ಕಾಯಿಯೊಳಗೆ ಕಾಳು ಸದ್ದು ಮಾಡುತ್ತಿತ್ತು. ಸೋಯಾಬೀನ್ ಆ ಸದ್ದು ಮಾಡಿದ ಮೇಲೆ ಯಾರಿಗೂ ಕಾಯುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕಾಯಿ ಸಿಡಿದು ಕಾಳು ಮಣ್ಣುಪಾಲಾಗುತ್ತದೆ. ಮೇಲೆ ಸಣ್ಣಮಾವನ ಹೊಲ ಇನ್ನೂ ಹಚ್ಚ ಹಸಿರು. ಕೊಯ್ಯುವ ಹೆಣ್ಣಾಳುಗಳ ಗುಂಪು ಆ ವಾರ ತಪ್ಪಿದರೆ ಮತ್ತೆ ಸಿಗುವ ಹಾಗಿರಲಿಲ್ಲ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ಮಾವ ಕೊಯ್ಲು ಹಿಡಿದರು. ನನ್ನ ಗಂಡನ ಮೊಬೈಲು ಮಳೆ ಇಲ್ಲ ಎಂದಿತ್ತು. ಮಾವನ ತಾಯಿ, ನಾವೆಲ್ಲ ಆಯಿ ಎನ್ನುವ ಅಜ್ಜಿಯ ಮೊಣಕಾಲೂ ಇಲ್ಲ ಎಂದಿತ್ತು. ಎರಡೂ ಸುಳ್ಳು ಹೇಳಿದವು.

ಕೊಯ್ದ ಗಿಡವನ್ನು ಹೊಲದ ತುಂಬ ಹಾಸಿದ ಮೇಲೆ ಮಳೆ ಬಂತು. ಮಳೆ ನಡುವೆ ಹೊಳವು ಕೊಟ್ಟ ಗಳಿಗೆಯಲ್ಲಿ ಮನೆಮಂದಿಯೆಲ್ಲ ಓಡಿ, ಹಸಿಯಾಗಿದ್ದುದನ್ನೇ ಬಾಚಿ ಬಣವೆ ಒಟ್ಟಿ ತಾಡಪತ್ರಿ ಹೊದಿಸಿದೆವು. ಬಿಸಿಲು ಬಿದ್ದೊಡನೆ ಬಿಚ್ಚಿ ಹರವಿದರಾಯಿತು ಎಂದುಕೊಂಡೆವು. ಬಿಸಿಲು ಬೀಳಲಿಲ್ಲ. ಹಸ್ತಾ ಮಳೆ ಹಿಡಿದುಕೊಂಡು ಕೂತಿತು. ಜೋರಾಗಿ ಹೊಯ್ದು ಮುಗಿಸಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ.

ಒಂದು ಬೆಳಿಗ್ಗೆ ಮಾವ ತಾಡಪತ್ರಿ ಸರಿಸಿ ಬಣವೆಯೊಳಗೆ ಮೊಣಕೈವರೆಗೆ ಕೈ ತೂರಿದರು. ತೆಗೆದ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. ನಾನೂ ಕೈ ಹಾಕಿ ನೋಡಿದೆ. ಒಳಗೆ ಜ್ವರ ಬಂದ ಮಗುವಿನ ಮೈಯ ಬಿಸಿ ಇತ್ತು.

ಬಣವೆ ಹೀಗೆ ಕಾಯತೊಡಗಿದರೆ ಬಿಚ್ಚಿ ಬಿಸಿಲಿಗೆ ಹರವಬೇಕು. ಬಿಸಿಲಿಲ್ಲದಿದ್ದರೆ ಕೂಡಲೇ ಒಕ್ಕುವ ಮಷಿನ್ ತರಿಸಿ ರಾಶಿ ಮಾಡಿ, ಕಾಳನ್ನು ಮನೆಯೊಳಗೆ ಫ್ಯಾನಿನಡಿ ಆರಿಸಬೇಕು. ಮಷಿನ್‌ನವನು ಪಕ್ಕದ ಊರಿನಲ್ಲೇ ಇದ್ದ. "ಹಸೀನೂ ಹೊಡೀತೇನ್ರಿ, ಸ್ವಲ್ಪ ಕಾಳ ಒಡೀತಾವು ಅಷ್ಟ. ಹಾದಿ ಐತೇನ್ರಿ?" ಎಂದು ಫೋನಿನಲ್ಲಿ ಕೇಳಿದ. ನನ್ನ ಗಂಡ ಫೋನು ಇಟ್ಟುಬಿಟ್ಟರು.

ಹಾದಿ ಎಲ್ಲಿಂದ ಬರಬೇಕು? ಎರಡು ಬದಿಗೆ ಪರರ ಕಬ್ಬು ಆಳೆತ್ತರ ನಿಂತಿತ್ತು. ಸಕ್ಕರೆ ಕಾರ್ಖಾನೆಯವರು ಬಂದು ಕಡಿಯುವುದು ಚಳಿಗಾಲಕ್ಕೆ. ಕೆಳಗೆ ತುಂಬಿದ ಹಳ್ಳ. ತಲೆಯ ಮೇಲೆ ಹೊತ್ತು ರಸ್ತೆಗೆ ಸಾಗಿಸೋಣ ಎಂದು ನಾನೂ ಗಂಡನೂ ಒಂದೊಂದು ಹೊರೆ ಹೊತ್ತು ಬದುವಿನ ಮೇಲೆ ಹೊರಟೆವು. ಎರೆಮಣ್ಣು ನನ್ನ ಚಪ್ಪಲಿ ಕಿತ್ತಿಟ್ಟುಕೊಂಡಿತು. ಗಂಡ ಅರ್ಧ ದಾರಿಯಲ್ಲಿ ಹೊರೆಯ ಸಮೇತ ಜಾರಿ ಕೂತರು. ಬಡಿಗೆಯಿಂದ ಬಡಿದು ನೋಡಿದೆವು. ನೆನೆದ ಕಾಯಿ ಬಾಯಿ ಬಿಡಲಿಲ್ಲ.

ಉಳಿದದ್ದು ಒಂದೇ ದಾರಿ. ಸಣ್ಣಮಾವನ ಹಸಿರು ಬೆಳೆಯಲ್ಲಿ ಟ್ರ್ಯಾಕ್ಟರಿನ ಅಗಲಕ್ಕೆ ಕೆಲವು ಸಾಲು ಕೊಯ್ದರೆ ಮುಗಿಯಿತು. ಅವರ ಹೊಲಕ್ಕೆ ಅದೇನೂ ದೊಡ್ಡ ನಷ್ಟವಲ್ಲ. ಬೇರೆ ವರ್ಷವಾಗಿದ್ದರೆ ಅಣ್ಣ ಕೇಳುವ ಮೊದಲೇ ತಮ್ಮ ಕೊಯ್ದು ಕೊಡುತ್ತಿದ್ದರು. ಆದರೆ ಮನೆಯಲ್ಲಿ ಬಸುರಿ ಇರುವಾಗ ಬಲಿಯದ ಬೆಳೆಗೆ ಕುಡಗೋಲು ಹಚ್ಚಬಾರದು ಎಂಬುದು ಈ ಮನೆತನದ ಕಟ್ಟುಪಾಡು. ಕಾಳು ತುಂಬುತ್ತಿರುವ ಹೊಲವೂ ಬಸುರಿಯೇ, ಅದರ ಮೈಗೆ ಕಬ್ಬಿಣ ತಾಗಿಸಿದರೆ ಅದರ ಸಂಕಟ ಮನೆಯ ಬಸುರಿಗೆ ತಟ್ಟುತ್ತದೆ ಎನ್ನುತ್ತಾರೆ ಆಯಿ. ಅದರಲ್ಲೂ ಹೋದ ವರ್ಷ ಒಮ್ಮೆ ಕಳೆದುಕೊಂಡ ಮನೆ.

ನಾನು ಬಿ.ಎಸ್ಸಿ. ಓದಿದವಳು. ಇದನ್ನೆಲ್ಲ ನಂಬುವುದಿಲ್ಲ. "ಹಂಗಾರ ನೀನ ಹೋಗಿ ಕೇಳು," ಎಂದರು ಗಂಡ. ನಾನು ಹೋಗಲಿಲ್ಲ. ನನ್ನ ಹೊಟ್ಟೆಯಾಗಿದ್ದರೆ ನನ್ನ ಅಪನಂಬಿಕೆಯ ಮೇಲೆ ಪಣ ಕಟ್ಟುತ್ತಿದ್ದೆ. ಅದು ಅವಳ ಹೊಟ್ಟೆಯಾಗಿತ್ತು.

ಆ ಸಂಜೆ ಅಣ್ಣತಮ್ಮ ಇಬ್ಬರೂ ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದರು. ನಾನು ಹುಲ್ಲು ಕೊಯ್ಯುವ ನೆಪದಲ್ಲಿ ಅಲ್ಲೇ ಇದ್ದೆ. ಇವತ್ತಾದರೂ ಯಾರಾದರೊಬ್ಬರು ಬಾಯಿ ಬಿಡುತ್ತಾರೇನೋ ಎಂಬ ಆಸೆ.

"ಕಾರ್ಖಾನಿ ಯಾವಾಗ ಚಾಲೂ ಮಾಡ್ತಾರಂತ?" ಎಂದರು ಮಾವ.

"ದೀಪಾವಳಿ ಆದ ಮ್ಯಾಲ ಅನ್ನಾಕತ್ತಾರ," ಎಂದರು ಸಣ್ಣಮಾವ.

"ನಿನ್ನ ಎಮ್ಮಿ ಹಿಂಡತೈತೇನು?"

"ಹಿಂಡತೈತಿ. ಹೊತ್ತಿಗೊಂದ ತಂಬಗಿ."

ಇಬ್ಬರ ಕಣ್ಣೆದುರೇ ತಾಡಪತ್ರಿಯ ಅಂಚಿನಿಂದ ಆವಿ ಏಳುತ್ತಿತ್ತು. ಸಣ್ಣಮಾವ ಬಹಳ ಹೊತ್ತು ಅದನ್ನೇ ನೋಡಿ, "ಅಣ್ಣಾ, ಬಣವಿ ಹೆಂಗೈತಿ?" ಎಂದರು.

"ಛಲೋ ಐತಿ. ನೀ ಚಿಂತಿ ಮಾಡಬ್ಯಾಡ."

ಸಣ್ಣಮಾವ ತಲೆ ಆಡಿಸಿದರು. ಸುಳ್ಳು ಹೇಳಿದವರಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಎರಡೂ ತಲೆಗಳನ್ನು ಹಿಡಿದು ಒಂದಕ್ಕೊಂದು ಢಿಕ್ಕಿ ಹೊಡೆಸಬೇಕು ಎನ್ನಿಸಿತು. ಆದರೆ ಹಾಗೆ ಢಿಕ್ಕಿ ಹೊಡೆಸಿ ಯಾವ ತಲೆಗೆ ಏನು ಹೇಳಲಿ? ಇಬ್ಬರದೂ ಸರಿಯಾಗಿತ್ತು. ಇಬ್ಬರದೂ ಸರಿಯಾಗಿರುವಾಗ ಸೊಸೆಯಾದವಳು ಹುಲ್ಲು ಕೊಯ್ಯಬೇಕು, ಅಷ್ಟೇ.

ಗಾಳಿ ಹಳ್ಳದ ಕಡೆಯಿಂದ ಬೀಸುತ್ತಿತ್ತು. ಹುಲ್ಲಿನ ಹೊರೆ ಇಳಿಸುತ್ತಿದ್ದಾಗ ನಾದಿನಿ ಹಿತ್ತಲಿನ ಗೋಡೆಯಾಚೆಯಿಂದ ಮುಖ ತೋರಿಸಿದಳು.

"ವೈನಿ, ಏನಿದು ಹುಳಿ ವಾಸನಿ?"

"ತಿಪ್ಪಿ ವಾಸನಿ ಇರಬೇಕು," ಎಂದೆ.

"ತಿಪ್ಪಿ ವಾಸನಿ ನನಗ ಗೊತ್ತಾಗೂದಿಲ್ಲೇನ್ರಿ? ನಿಮ್ಮ ಬಣವಿ ನಾರಾಕತ್ತೈತಿ." ಅವಳು ಗೋಡೆಯ ಮೇಲೆ ಕೈಯೂರಿ ಕೇಳಿದಳು, "ಹಾದಿ ಕೊಟ್ರ ಉಳಿತೈತೇನ್ರಿ?"

"ಗೊತ್ತಿಲ್ಲ ತಂಗಿ."

"ನನ್ನ ಸಲುವಾಗಿ ನಿಂತೈತಿ. ಹೌದಲ್ರಿ?"

"ಹಂಗ ಯಾರೂ ಅಂದಿಲ್ಲ."

"ಅನ್ನೂದಿಲ್ಲ. ಅಂದಿದ್ರ ನಾನೂ ಒಂದ ಮಾತ ಅಂತಿದ್ದೆ," ಎಂದು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದಾಗ ಅವಳು ಹೊಲದ ಅಂಚಿನಲ್ಲಿ ಕಂಡಳು. ಸೊಂಟದ ಮೇಲೆ ಒಂದು ಕೈ, ಇನ್ನೊಂದು ಕೈಯಲ್ಲಿ ಅಪ್ಪನ ಕುಡಗೋಲು. ನಾನು ಕಸಬರಿಗೆ ಬಿಟ್ಟು ಓಡುವಷ್ಟರಲ್ಲಿ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಬುಡ ಹಿಡಿದು ಕೊಯ್ದಳು. ಮತ್ತೊಂದು ಹಿಡಿದು ಕೊಯ್ದಳು. ಅವಳ ತಾಯಿ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟರು. ಸಣ್ಣಮಾವ ಚಹಾದ ಕಪ್ಪು ಹಿಡಿದುಕೊಂಡೇ ಬಂದರು.

ಅವಳು ಹಸಿರು ಹಿಡಿಯನ್ನು ಅವರ ಮುಂದೆ ಚಾಚಿದಳು. "ಅಪ್ಪಾ, ಕೊಯ್ದಾಕಿ ನಾ. ನೀ ಅಲ್ಲ. ಏನರ ತಟ್ಟೂದಿದ್ರ ತಟ್ಟೇತಿ ತಗೋ. ಇನ್ನ ಹಾದಿ ಮಾಡು."

ಸಣ್ಣಮಾವ ಅವಳ ಕೈಯಿಂದ ಕುಡಗೋಲು ತಗೊಂಡರು. ನನ್ನ ಕಡೆ ನೋಡಿ, "ಒಳಗ ಕರಕೊಂಡ ಹೋಗವಾ," ಎಂದಷ್ಟೇ ಹೇಳಿದರು. ಆಮೇಲೆ ಬಗ್ಗಿ ಕೊಯ್ಯತೊಡಗಿದರು. ಅಳುತ್ತ ಕೊಯ್ದರು. ಮಾವ ಬದುವಿನ ಮೇಲೆ ಜಾರುತ್ತ ಏಳುತ್ತ, "ಬ್ಯಾಡೋ ತಮ್ಮಾ, ಬ್ಯಾಡೋ, ಹಾಳಾಗಿ ಹೋಗ್ಲಿ ಬಿಡೋ," ಎನ್ನುತ್ತ ಬಂದರು. ತಮ್ಮ ತಲೆ ಎತ್ತಲಿಲ್ಲ. ಮಾವ ತಾವೂ ಇನ್ನೊಂದು ಕುಡಗೋಲು ತಂದು ಪಕ್ಕದ ಸಾಲು ಹಿಡಿದರು. ಆಯಿ ಹೊಲಕ್ಕೆ ಬೆನ್ನು ಮಾಡಿ ಹೊಸ್ತಿಲಲ್ಲಿ ಕೂತು ದೇವರ ಹೆಸರು ಹೇಳುತ್ತಿದ್ದರು.

ಮಧ್ಯಾಹ್ನಕ್ಕೆ ಮಷಿನ್ ಬಂತು. ಎಳೆ ಗಿಡದ ಕೂಳೆಗಳನ್ನು ತುಳಿಯುತ್ತ ಟ್ರ್ಯಾಕ್ಟರು ನಮ್ಮ ಹೊಲಕ್ಕೆ ಇಳಿಯಿತು. ತಾಡಪತ್ರಿ ಬಿಚ್ಚಿದೆವು. ಮೇಲಿನ ಪದರು ಪರವಾಗಿಲ್ಲ ಎನ್ನುವಂತಿತ್ತು. ಅದರ ಕೆಳಗೆ ಬಿಳಿ ಬೂಷ್ಟು, ಅದರ ಕೆಳಗೆ ಕಪ್ಪು. ಮಷಿನ್ ಶುರುವಾಗಿ ಬಾಯಿಂದ ಕಾಳು ಸುರಿಯತೊಡಗಿದಾಗ ನಾನು ಮುಖ ತಿರುಗಿಸಿದೆ. ಬಂಗಾರದ ಬಣ್ಣದಲ್ಲಿ ಬರಬೇಕಾದದ್ದು ಸುಟ್ಟ ಬೆಲ್ಲದ ಬಣ್ಣದಲ್ಲಿ ಬಂತು; ಮೊಳಕೆ ಒಡೆದು ಸುಕ್ಕಾದದ್ದು, ಒತ್ತಿದರೆ ಬೆರಳಿಗೆ ಅಂಟುವಂಥದ್ದು.

ಮಷಿನ್‌ನವನು ವೇಗ ಇಳಿಸಿ ಮಾವನ ಮುಖ ನೋಡಿದ. ನಿಲ್ಲಿಸಲೇ ಎಂದು ಕೈಸನ್ನೆ ಮಾಡಿದ. ಮಾವ ಒಮ್ಮೆ ಮೇಲೆ ನೋಡಿದರು. ಹಾದಿಯ ತುದಿಯಲ್ಲಿ, ರಸ್ತೆಯಂಚಿನಲ್ಲಿ, ನಾದಿನಿ ಕುರ್ಚಿ ಹಾಕಿಕೊಂಡು ಇತ್ತಲೇ ನೋಡುತ್ತ ಕೂತಿದ್ದಳು.

"ಹೊಡಿ," ಎಂದರು ಮಾವ.

ಕೊಳೆತ ಬೆಳೆಯನ್ನು ನಾವು ಕೊನೆಯ ಗಿಡದವರೆಗೆ ರಾಶಿ ಮಾಡಿದೆವು. ನಿಲ್ಲಿಸಿದ್ದರೆ ಅವಳಿಗೆ ತಿಳಿದುಹೋಗುತ್ತಿತ್ತು. ಅದಕ್ಕೇ ಮೈಮೇಲೆ ಬಂದವರಂತೆ ಕೆಲಸ ಮಾಡಿದೆವು. ಒಬ್ಬರು ಗಿಡ ಒಡ್ಡಿದರು, ಒಬ್ಬರು ಹೊಟ್ಟು ಎಳೆದರು, ನನ್ನ ಗಂಡ ನಡುವೆ ಒಂದು ಸಲ ಶಿಳ್ಳೆ ಕೂಡ ಹೊಡೆದರು. ಅಷ್ಟು ಕೆಟ್ಟ ಶಿಳ್ಳೆಯನ್ನು ನಾನು ಈವರೆಗೆ ಕೇಳಿಲ್ಲ. ಸಣ್ಣಮಾವ ಬಂದು ಒಂದು ಹಿಡಿ ಕಾಳು ತೆಗೆದು ಮೂಸಿ ನೋಡಿದರು. ಅದನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟು, ಏನೂ ಆಗದವರಂತೆ ಬುಟ್ಟಿ ಎತ್ತಿಕೊಂಡರು. ಅಣ್ಣತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾದಿನಿಯ ದಿನ ಇನ್ನೂ ತುಂಬಿಲ್ಲ. ಇದನ್ನು ಬರೆಯುತ್ತಿರುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಅವಳ ಕೆಮ್ಮು ಕೇಳಿದರೂ ನಾನು ಪೆನ್ನು ಕೆಳಗಿಡುತ್ತೇನೆ. ನಂಬಿಕೆ ಇಲ್ಲದವಳಿಗೆ ಇಷ್ಟು ಹೆದರಿಕೆ ಎಲ್ಲಿಂದ ಬಂತೋ ತಿಳಿಯದು. ಮೊನ್ನೆ ತಪಾಸಣೆಗೆ ಹೋದವರು ಬರುವುದು ತಡವಾದಾಗ ನಮ್ಮ ಮನೆಯಲ್ಲಿ ಯಾರೂ ತುತ್ತು ಎತ್ತಲಿಲ್ಲ. ಡಾಕ್ಟರು ಎಲ್ಲಾ ಸರಿ ಐತಿ ಅಂದರಂತೆ. ಆ ಮಾತನ್ನು ಮಾವ ಅವಳ ಬಾಯಿಂದ ಎರಡೆರಡು ಸಲ ಹೇಳಿಸಿಕೊಂಡರು.

ರಾಶಿಯ ದಿನದ ಮಾತು ಇನ್ನೂ ಮುಗಿದಿಲ್ಲ. ರಾಶಿಯಾದ ಸಂಜೆ ಮನೆಯ ಹೆಣ್ಣುಮಗಳು ಕಣಕ್ಕೆ ಬಂದು ಸೆರಗಿನಲ್ಲಿ ಉಡಿ ಒಡ್ಡುತ್ತಾಳೆ. ಮನೆಯ ಹಿರಿಯ ರಾಶಿಯಿಂದ ಒಂದು ತುಂಬು ಮುಷ್ಟಿ ಕಾಳನ್ನು ಆ ಉಡಿಗೆ ಹಾಕುತ್ತಾನೆ. ಆಮೇಲೆಯೇ ಚೀಲಕ್ಕೆ ಕಾಳು ತುಂಬುವುದು. ಈ ಗಡಿಬಿಡಿಯಲ್ಲಿ ಅದನ್ನು ನಾವೆಲ್ಲ ಮರೆತಿದ್ದೆವು. ಮಷಿನ್ ನಿಂತು, ಮಾವ ಅವಸರದಲ್ಲಿ ರಾಶಿಗೆ ತಾಡಪತ್ರಿ ಹೊದಿಸುತ್ತಿದ್ದಾಗ, ಅವಳು ಹಸಿರು ಸೀರೆ ಉಟ್ಟು, ತಾಯಿಯ ಕೈ ಹಿಡಿದು, ಹೊಸ ಹಾದಿಯಲ್ಲಿ ಇಳಿದು ಬರುತ್ತಿದ್ದಳು. ಅವಳ ಹಿಂದೆ ಆಯಿ ಕೋಲೂರಿಕೊಂಡು ಬರುತ್ತಿದ್ದರು.

"ದೊಡ್ಡಪ್ಪಾ, ಉಡಿ ತುಂಬ್ರಿ," ಎಂದು ಸೆರಗು ಒಡ್ಡಿ ನಿಂತಳು.

ಮಾವ ತಾಡಪತ್ರಿಯ ಅಂಚು ಹಿಡಿದುಕೊಂಡೇ ನಿಂತರು. "ನಾಳೆ ತುಂಬೋಣು ತಾಯಿ, ಹೊತ್ತ ಮುಳುಗೇತಿ," ಎಂದರು.

"ರಾಶಿ ದಿನಾನ ತುಂಬಬೇಕಲ್ರಿ," ಎಂದಳು ಅವಳು. ಒಡ್ಡಿದ ಸೆರಗನ್ನು ಇಳಿಸಲಿಲ್ಲ.

ಬೇರೆ ಗತಿ ಇರಲಿಲ್ಲ. ಮಾವ ತಾಡಪತ್ರಿ ಸರಿಸಿದರು. ಅವಳು ನೋಡಿದಳು. ಅವಳ ಮುಖದ ಮೇಲೆ ಏನೂ ಬದಲಾಗಲಿಲ್ಲ, ನನಗೆ ಅದನ್ನು ನೋಡುವುದೇ ಕಷ್ಟವಾಯಿತು. ಮಾವ ಕೈ ಹಾಕಿ ಒಂದು ಹಿಡಿ ತೆಗೆದರು, ಅಂಗೈ ಬಿಚ್ಚಿ ನೋಡಿದರು, ಕೆಳಗೆ ಬಿಟ್ಟರು. ಮತ್ತೊಂದು ಕಡೆ ಕೈ ಹಾಕಿದರು, ಅದನ್ನೂ ಬಿಟ್ಟರು. ಬಸುರಿಯ ಉಡಿಗೆ ಕೊಳೆತ ಕಾಳು ಹಾಕುವ ಕೈ ಯಾರದು?

ಆಯಿ ಕೋಲು ಬದಿಗಿಟ್ಟು ರಾಶಿಯ ಪಕ್ಕ ಕೂತರು. ಕಣ್ಣು ಮಂಜು, ಬೆರಳಿನಿಂದ ತಡವುತ್ತ ಹೋದರು. ನುಣುಪಾದದ್ದು ಒಂದು ಸಿಕ್ಕಿತು. ಎಡಗೈಯಲ್ಲಿ ಇಟ್ಟುಕೊಂಡರು. ಅದನ್ನು ಕಂಡು ಸಣ್ಣಮಾವ ಕೂತರು, ಅವರ ಹೆಂಡತಿ ಕೂತರು, ನಾನೂ ಗಂಡನೂ ಕೂತೆವು. ಮಷಿನ್‌ನವನು ಕೂಡ ಕೈ ಒರೆಸಿಕೊಂಡು ಒಂದು ಮೂಲೆಯಲ್ಲಿ ಕೂತ. ಅಷ್ಟು ದೊಡ್ಡ ರಾಶಿಯಲ್ಲಿ ಹಳದಿ ಕಾಳನ್ನು ಒಂದೊಂದಾಗಿ ಹುಡುಕಿದೆವು. ಬೆಳಕು ಇಳಿಯುತ್ತಿತ್ತು.

"ನೀ ಕೂಡ್ರು ತಂಗಿ, ಕಾಲ ನೋಯತಾವು," ಎಂದೆ.

"ಉಡಿ ಒಡ್ಡಿದ ಮ್ಯಾಲ ಕೂಡ್ರಬಾರದ್ರಿ ವೈನಿ."

ಕಾಳು ಕಾಣದಷ್ಟು ಕತ್ತಲಾದಾಗ ಮಾವ ಎದ್ದು ಎಲ್ಲರ ಮುಂದೆ ಅಂಗೈ ಹಿಡಿದರು. ಎಲ್ಲರದೂ ಸೇರಿದರೂ ಅವರ ಅಂಗೈಯ ಗುಳಿ ತುಂಬಲಿಲ್ಲ. ಮುಷ್ಟಿ ತುಂಬಿದಂತೆ ಕಾಣಲಿ ಎಂದು ಬೆರಳುಗಳನ್ನು ಸಡಿಲವಾಗಿ, ಉಬ್ಬಿಸಿ ಮುಚ್ಚಿಕೊಂಡರು. ಹಾಗೇ ಅವಳ ಸೆರಗಿನೊಳಗೆ ಕೈ ಇಳಿಸಿ, ಯಾರಿಗೂ ಕಾಣದ ಹಾಗೆ ಒಳಗೇ ಬಿಟ್ಟರು.

ಅವಳು ಕೆಳಗೆ ನೋಡಲಿಲ್ಲ. ಸೆರಗನ್ನು ಮಡಚಿ ಎರಡೂ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿದಳು.

"ಭಾಳ ಆದುವ್ರಿ ದೊಡ್ಡಪ್ಪಾ," ಎಂದಳು. "ಭಾರ ಆಗೇತಿ."